ವಿಯೆನ್ನಾದ ಬೆಳೆಗಾರರ ದ್ರಾಕ್ಷಾಮದ್ಯ

ವಿಯೆನ್ನಾ ನಗರದ ಉತ್ತರದ ಅಂಚಿನಲ್ಲಿ, ಡ್ಯಾನ್ಯೂಬ್ ನದಿಯಾಚೆ, ಸ್ಟಾಮ್ಮರ್ಸ್‌ಡೋರ್ಫ್ ಎಂಬ ಊರಿರುವುದು. ಟ್ರಾಮ್ ಗಾಡಿಯಿಂದಿಳಿದು ನಡೆದರೆ ಕೆಲವು ಮನೆಗಳ ಬಾಗಿಲಲ್ಲಿ ಪೈನ್ ಮರದ ಹಸಿರು ಕೊಂಬೆ ತೂಗುತ್ತಿರುವುದು ಕಾಣುವುದು. ಬೆಳೆಗಾರನು ತನ್ನ ತೋಟದ ದ್ರಾಕ್ಷಾಮದ್ಯವನ್ನು ಅಂದು ಮಾರುತ್ತಿರುವನೆಂಬುದಕ್ಕೆ ಅದೇ ಗುರುತು. ಈ ಹಕ್ಕನ್ನು 1784ರಲ್ಲಿ ಎರಡನೆಯ ಜೋಸೆಫ್ ಚಕ್ರವರ್ತಿಯು ದಯಪಾಲಿಸಿದನು. ನಡುವೆ ದಳ್ಳಾಳಿಯಿಲ್ಲದುದರಿಂದ ಬೆಲೆಯೂ ಹಗುರ.

ಅಂಗಳದ ಮರದ ಬೆಂಚಿನಲ್ಲಿ ಕುಳಿತು ನಾವು ಗ್ರ್ಯೂನರ್ ವೆಲ್ಟ್‌ಲಿನರ್ ಎಂಬ ಬಿಳಿಯ ಮದ್ಯವನ್ನು ಲೀಟರಿನ ಎಂಟನೆಯ ಒಂದು ಪಾಲಿನಷ್ಟು ತರಿಸಿದೆವು. ನಾಲಗೆಗೆ ಮೊದಲು ಹಸಿರು ಸೇಬಿನ ಹುಳಿ. ಕಡೆಗೆ ಮೆಣಸಿನ ನವಿರಾದ ಘಾಟು. ನಮ್ಮ ಮಲೆನಾಡಿನ ಕರಿಮೆಣಸಿಗೆ ಕಂಪನ್ನೀಯುವ ರೋಟಂಡೋನ್ ಎಂಬ ದ್ರವ್ಯವೇ ಈ ದ್ರಾಕ್ಷಿಯಲ್ಲಿಯೂ ಇರುವುದಂತೆ!

1985ರಲ್ಲಿ ಈ ದೇಶದ ಕೆಲವರು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ್ಯವನ್ನು ಬೆರೆಸಿ ಮದ್ಯವನ್ನು ಸಿಹಿಗೊಳಿಸಿದುದು ಬಯಲಾಯಿತು. ಪರದೇಶದ ವ್ಯಾಪಾರವು ಕುಸಿದು, ನಿರಪರಾಧಿಗಳಾದ ಬೆಳೆಗಾರರೂ ಬಳಲಿದರು. ಅದೇ ವರ್ಷ ಬಿಗಿಯಾದ ಕಾನೂನು ಬಂದಿತು. ಹೋದ ಮಾನವು ಮರಳಲು ಮಾತ್ರ ವರ್ಷಗಳೇ ಹಿಡಿದವು. ಬೆಳೆದವನೇ ಕೈಯಾರೆ ತಂದಿಟ್ಟ ಆ ಅಗ್ಗದ ಲೋಟದಲ್ಲಿ ರುಚಿಗಿಂತಲೂ ಆ ವಿಶ್ವಾಸವೇ ನಮಗೆ ಹಿರಿದೆನಿಸಿತು.