ಕುಂಬಳದ ಗುಂಡಿ

ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರುವವರಿಗೆ ಗೆಜ್ಜಲಗೆರೆ ಎಂದೊಡನೆ ನೆನಪಾಗುವುದು ಹಾಲಿನ ಡೈರಿ. ಮದ್ದೂರಿನಲ್ಲಿ ತಿಂದ ವಡೆಯ ರುಚಿ ನಾಲಗೆಯಿಂದ ಮಾಸುವ ಮೊದಲೇ ಊರು ಹಿಂದೆ ಸರಿದುಬಿಟ್ಟಿರುತ್ತದೆ. ಹೆದ್ದಾರಿಯಿಂದ ಕೂಗಳತೆಯ ದೂರದಲ್ಲಿ, ನಾಲೆಯ ಕೆಳಗಣ ತಗ್ಗಿನಲ್ಲಿ, 20 ಗುಂಟೆಯ ಒಂದು ತುಂಡು ನೆಲವಿದೆಯೆಂಬುದನ್ನೂ, ಆ ನೆಲದ ಮೇಲೆ ತಂದೆ ಮಕ್ಕಳಿಬ್ಬರ ಮಾತು ಒಂದು ವರ್ಷ ನಿಂತುಹೋಗಿತ್ತೆಂಬುದನ್ನೂ ದಾರಿಹೋಕರು ಅರಿಯುವ ಬಗೆಯೆಂತು?

ತಂದೆ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದವನು. ರಸ್ತೆಯ ಸಮೀಪದ ನೆಲಕ್ಕೆ ಬಂದಿರುವ ಬೆಲೆಯನ್ನು ಕೇಳಿದ ಮೇಲೆ, ಹುಲ್ಲೂ ನೆಟ್ಟಗೆ ಬೆಳೆಯದ ಆ ತಗ್ಗನ್ನು ಇಟ್ಟುಕೊಂಡಿರುವುದೇಕೆಂದು ಅವನು ಕೇಳಿದನು. ಕೇಳಿದ್ದರಲ್ಲಿ ತಪ್ಪಿರಲಿಲ್ಲ, ತಪ್ಪಿಲ್ಲದ ಪ್ರಶ್ನೆಗೆ ಉತ್ತರ ಕೊಡುವುದೇ ಕಷ್ಟ. ಮೇಷ್ಟ್ರು ಉತ್ತರ ಕೊಡಲಿಲ್ಲ; ಮೊಮ್ಮಗಳಿಗೆ ಮಾತು ಕೊಟ್ಟುಬಿಟ್ಟರು. ಏಳು ವರ್ಷದ ಆ ಮಗು ಅಮೆರಿಕದ ಜಾತ್ರೆಯೊಂದರ ಚಿತ್ರವನ್ನು ತೋರಿಸಿ, “ತಾತ, ಇಂಥ ಕುಂಬಳಕಾಯಿ ನಮ್ಮೂರಲ್ಲಿ ಯಾಕಿಲ್ಲ?” ಎಂದಿತು. “ದಸರೆಗೆ ಬಾ, ನಿನ್ನ ಎರಡು ಕೈಗೂ ಸಿಕ್ಕದಂಥ ಕಾಯಿ ತೋರಿಸುತ್ತೇನೆ” ಎಂದರು ತಾತ.

ಚಿತ್ರದ ಕಾಯಿಗಳಿಗೂ ನಮ್ಮ ಸಿಹಿಗುಂಬಳಕ್ಕೂ ಬಲು ದೂರದ ನಂಟು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೊವಾರ್ಡ್ ಡಿಲ್ ಎಂಬ ರೈತ ಆರಿಸಿ ಆರಿಸಿ ರೂಪಿಸಿದ ‘ಅಟ್ಲಾಂಟಿಕ್ ಜೈಂಟ್’ ತಳಿಯ ಸಂತಾನ ಅವು. 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಎಂಬಲ್ಲಿ ತೂಗಿದ ಒಂದು ಕಾಯಿ 1,247 ಕಿಲೋಗ್ರಾಂ ಇತ್ತು. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ಹೊರತಂದ ‘ಅರ್ಕಾ ಚಂದನ್’ ಎರಡು ಮೂರು ಕಿಲೋಗ್ರಾಮಿನದು. ನಾಲ್ಕು ಜನರ ಸಂಸಾರಕ್ಕೆ ಅಷ್ಟೇ ಸಾಕಲ್ಲವೆ? ಒಂದು ಕಾಯಿಯನ್ನು ಹೋಳು ಮಾಡಿ ಕೇರಿಗೆಲ್ಲ ಹಂಚುತ್ತಿದ್ದ ಕಾಲ ಹೋಯಿತು. ಕಾಯಿಯೂ ಕುಟುಂಬದೊಡನೆ ಕುಗ್ಗಿತು.

ಯುಗಾದಿ ಕಳೆದ ವಾರವೇ ಮೇಷ್ಟ್ರು ಬೆಂಗಳೂರಿನ ಬೀಜದಂಗಡಿಯಿಂದ ಐದು ಬೀಜಗಳನ್ನು ತರಿಸಿ, ಎರಡು ಗುಂಡಿ ತೋಡಿಸಿದರು. ಒಂದೊಂದೂ ಎರಡು ಮೊಳ ಆಳ, ಎರಡು ಮೊಳ ಅಗಲ. ಅಂಚೆಲ್ಲ ಚೌಕವಾಗಿ, ರೇಖಾಗಣಿತದ ಪಾಠಕ್ಕೆ ಒಪ್ಪುವಂತೆ. ಅವರ ತಂದೆ ಮಾಡುತ್ತಿದ್ದಂತೆಯೇ ಗುಂಡಿಯೊಳಗೆ ಕಬ್ಬಿನ ತರಗು ಸುಟ್ಟು, ಒಲೆಯ ಬೂದಿಯನ್ನೂ ಸುರಿಸಿದರು.

ಪಕ್ಕದ ಹೊಲದ ಚಿಕ್ಕವ್ವ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ. ಅವಳು ಹಾಕಿದ ಬಳ್ಳಿ ಕಾಯದೆ ಹೋದದ್ದಿಲ್ಲವೆಂದು ಕೇರಿಯಲ್ಲಿ ಮಾತು.

“ಇದು ಗುಂಡಿಯಲ್ಲ ಮೇಷ್ಟ್ರೇ, ತೊಟ್ಟಿ. ಸಂಜೆ ಒಂದು ಕೊಡ ನೀರು ಹುಯ್ದು ನೋಡಿ. ಬೆಳಿಗ್ಗೆ ನಿಂತೇ ಇದ್ರೆ ಬೀಜ ದಂಡ.”

“ಏನೋ ಚಿಕ್ಕವ್ವ, ಆಳವಾಗಿದ್ದರೆ ಬೇರಿಗೆ ಒಳ್ಳೆಯದಲ್ಲವೆ?”

“ಬೇರು ಇಳಿಯಕ್ಕೆ ದಾರಿ ಬ್ಯಾಡ್ವೆ?”

ಸಂಜೆ ನೀರು ಹೊಯ್ದರು. ಮುಂಜಾನೆ ಹೋಗಿ ನೋಡಿದರೆ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ಮೂರನೆಯ ದಿನ ನೀರು ಆರಿದಾಗ ಗುಂಡಿಯ ಗೋಡೆಯ ಮೇಲೆ ಹಪ್ಪಳದಂತೆ ಬಿಳಿಯ ಪೊರೆ ಎದ್ದಿತ್ತು. ಮಗನು ಹೇಳಿದ್ದೇ ಸರಿಯೇನೋ ಎಂದು ಮೇಷ್ಟ್ರು ಅಂದು ರಾತ್ರಿ ಊಟ ಸೇರದೆ ಎದ್ದರು.

ಮಣ್ಣಿನ ಪರೀಕ್ಷೆ ಮಾಡಿಸಿದಾಗ ರಸಸಾರ 8.8 ಎಂದು ಬಂದಿತು. ಕುಂಬಳದ ಬಳ್ಳಿಗೆ ಹಿಡಿಸುವುದು ಆರರಿಂದ ಏಳು. ಅದು ಚೌಳು ನೆಲ. ಅದರ ಕಥೆಯೂ ಹಳೆಯದೇ. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂದಿತು. ಇರ್ವಿನ್ ನಾಲೆಯೆಂದು ಕರೆಸಿಕೊಂಡದ್ದು ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಬರಡಿಗೆ ಬದುಕು ಬಂದಿತು. ರಾಗಿಯ ಹೊಲ ಭತ್ತ ಕಬ್ಬಿನ ಗದ್ದೆಯಾಯಿತು. ಆದರೆ ನೀರಿಗೆ ಬರುವ ದಾರಿಯನ್ನು ಮಾಡಿಕೊಟ್ಟಷ್ಟು ಆಸ್ಥೆಯಿಂದ ಹೋಗುವ ದಾರಿಯನ್ನು ಮಾಡಿಕೊಡದ ಕಡೆಗಳಲ್ಲಿ, ತಗ್ಗಿನ ನೆಲದಲ್ಲಿ ನೀರು ತಂಗಿ, ತಳದ ಲವಣವನ್ನು ಮೇಲಕ್ಕೆ ತಂದು, ತಾನು ಆರಿಹೋಗುವಾಗ ಅದನ್ನು ಬಿಟ್ಟುಹೋಯಿತು.

ಬೂದಿಯ ವಿಷಯದಲ್ಲಿ ಮೇಷ್ಟ್ರಿಗೆ ನಿಜವಾಗಿ ನಾಚಿಕೆಯಾಯಿತು. ಬೂದಿ ಕ್ಷಾರ. ತಂದೆಯವರು ಅದನ್ನು ಸುರಿಯುತ್ತಿದ್ದುದು ಮೇಲಿನ ಕೆಂಪು ಹೊಲದಲ್ಲಿ. ಹುಳಿಯತ್ತ ವಾಲುವ ಆ ಮಣ್ಣಿಗೆ ಅದು ಔಷಧ. ಚೌಳಿಗೆ ಅದೇ ಬೂದಿ ಹುಣ್ಣಿನ ಮೇಲಿನ ಉಪ್ಪು. ತಂದೆಯ ಕೈ ನೆನಪಿತ್ತು, ಕಾಲ ಕೆಳಗಿನ ಮಣ್ಣು ಮರೆತುಹೋಗಿತ್ತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿವರಿಸಿದ್ದರೋ. ಚಿಕ್ಕವ್ವ ಬೂದಿಯ ಮಾತೆತ್ತಿದಾಗ ತಾವೇ ಕೈ ಒರೆಸಿಕೊಂಡರು.

ಮತ್ತೆ ಗುದ್ದಲಿ ಹಿಡಿದದ್ದು ಬೇರೊಂದು ಕ್ರಮದಲ್ಲಿ. ಮೊದಲು ಬೂದಿಯ ಮಣ್ಣನ್ನು ಮಂಕರಿಯಲ್ಲಿ ಹೊರಕ್ಕೆ ಹೊತ್ತು ಹಾಕಿಸಿದರು. ಹೊಲದ ತಗ್ಗಿನ ಅಂಚಿಗೆ ಸೊಂಟದಾಳದ ಬಸಿಗಾಲುವೆ ತೆಗೆಸಿದರು; ಖರ್ಚೆಲ್ಲ ಆದದ್ದು ಇದಕ್ಕೇ. ಚೌಳನ್ನು ಬಿಡಿಸುವ ಜಿಪ್ಸಮ್ಮಿಗೂ ಇದು ಬೇಕು. ಜಿಪ್ಸಮ್ಮಿನ ಸುಣ್ಣದಂಶ ಮಣ್ಣಿಗಂಟಿದ ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದುದು ನೀರಿನೊಡನೆ ಹೊರಗೆ ಹೋಗದಿದ್ದರೆ ಎಬ್ಬಿಸಿಯೂ ವ್ಯರ್ಥ. ಗುಂಡಿಯನ್ನು ಆಳಕ್ಕೆ ಬದಲು ಅಗಲವಾಗಿ, ಆರು ಮೊಳ ಸುತ್ತಿಗೆ ಬಿಡಿಸಿದರು. ಗುದ್ದಲಿಯ ಏಟಿಗೆ ಗಾರೆಯಂತೆ ನುಣುಪಾಗಿದ್ದ ಗೋಡೆಯನ್ನು ಕೆದಕಿ ಒರಟಾಗಿಸಿ, ತಳದ ಗಟ್ಟಿ ಪದರವನ್ನು ಹಾರೆಯಿಂದ ಮೀಟಿಸಿದರು. ಅದರೊಳಕ್ಕೆ ಹೊಂಗೆಸೊಪ್ಪು, ಎರಡು ವರ್ಷ ಕಳಿತ ಕೊಟ್ಟಿಗೆ ಗೊಬ್ಬರ. ಡೈರಿಗೆ ಹಾಲು ಹಾಕುವ ಊರಿನಲ್ಲಿ ಗೊಬ್ಬರಕ್ಕೇನು ಕೊರತೆಯೆನ್ನಬೇಡಿ. ಕಳಿತ ಗೊಬ್ಬರ ಅಲ್ಲಿಯೂ ಕೇಳಿ ಪಡೆಯಬೇಕಾದ ವಸ್ತು. ಹಸಿಯದನ್ನು ಹಾಕಿದರೆ ಬೇರು ಬೇಯುತ್ತದೆ. ಕೊನೆಗೆ ಎಲ್ಲವನ್ನೂ ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ದಿಬ್ಬ ಕಟ್ಟಿ, ಎರಡು ಸಲ ನೀರು ಹಾಯಿಸಿ, ಮಣ್ಣು ತಾನಾಗಿ ಕೂರಲೆಂದು ಬಿಟ್ಟರು. ಬೇಸಗೆಯ ಮಳೆ ಎರಡು ಸಲ ಬಂದುಹೋಯಿತು.

ಜೂನಿನಲ್ಲಿ ಐದು ಬೀಜ ಊರಿದರು, ಮೂರು ಮೊಳೆತವು. ಒಂದನ್ನು ಕೆಂಪು ದುಂಬಿ ಎಲೆಯಲ್ಲಿಯೇ ತಿಂದು ಮುಗಿಸಿತು. ಎರಡು ಹಬ್ಬಿದವು. ಬಳ್ಳಿಯ ಗೆಣ್ಣುಗಳ ಮೇಲೆ ಮಣ್ಣೆಳೆದರೆ ಅಲ್ಲಲ್ಲಿಯೂ ಬೇರಿಳಿಯುತ್ತದೆ. ಮೇಷ್ಟ್ರು ದಿನವೂ ಮುಂಜಾನೆ ಆ ಕೆಲಸ ಮಾಡಿ, ಬಿಸಿಲೇರುವ ಮುನ್ನ ಗಂಡುಹೂವನ್ನು ಹೆಣ್ಣುಹೂವಿಗೆ ತಾವೇ ಸೋಕಿಸಿ, ಒಂದೊಂದು ಬಳ್ಳಿಗೆ ಒಂದೇ ಕಾಯಿ ಉಳಿಸಿದರು. ಉಳಿದ ಹೀಚುಗಳನ್ನು ಕೀಳುವಾಗ ಚಿಕ್ಕವ್ವ ಮುಖ ತಿರುಗಿಸಿಕೊಂಡಳು. ತಂಪುನಾಡಿನ ತಳಿಗೆ ಮಂಡ್ಯದ ರಾತ್ರಿಯ ಸೆಕೆ ಒಗ್ಗಲಿಲ್ಲವೋ ಏನೋ, ಒಂದು ಕಾಯಿ ಕೊಡದಷ್ಟಾದಾಗ ತುದಿಯಿಂದ ಕೊಳೆಯಿತು.

ಉಳಿದುದೊಂದನ್ನು ಮಹಾನವಮಿಯ ದಿನ ಆಲೆಮನೆಯ ತಕ್ಕಡಿಯಲ್ಲಿ ತೂಗಿದರು: 34 ಕಿಲೋಗ್ರಾಂ. ಅಮೆರಿಕದವರು ಅದನ್ನು ಹೀಚೆನ್ನುತ್ತಿದ್ದರು. ಮೊಮ್ಮಗಳು ತಬ್ಬಿ ನೋಡಿದಳು. ಬೆರಳಿಗೆ ಬೆರಳು ಕೂಡಲಿಲ್ಲ. ಮಗನು ಖರ್ಚಿನ ಪುಸ್ತಕ ಕೇಳಿದನು, ತಿರುವಿದನು, ಜೋರಾಗಿ ನಕ್ಕುಬಿಟ್ಟನು. ಆ ದುಡ್ಡಿಗೆ ಮಾರುಕಟ್ಟೆಯಲ್ಲಿ ಒಂದು ಗಾಡಿ ಕುಂಬಳ ಬರುತ್ತಿತ್ತು. ಮೇಷ್ಟ್ರೂ ನಕ್ಕರು. ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನೆಲದ ಮಾತನ್ನು ಅವನು ಎತ್ತಲಿಲ್ಲ; ಬಿಟ್ಟೆನೆಂದೂ ಹೇಳಲಿಲ್ಲ.

ಅಂದು ಸಂಜೆ ಬಳ್ಳಿ ಕಿತ್ತ ಜಾಗದಲ್ಲಿ ಮೇಷ್ಟ್ರು ಹೊಸ ಗುಂಡಿ ತೆಗೆದು, ಒಂದು ಕೊಡ ನೀರು ಹೊಯ್ದು ಮನೆಗೆ ಬಂದರು. ಬೆಳಕು ಹರಿಯುವ ಹೊತ್ತಿಗೆ ಹೋಗಿ ನೋಡಿದರೆ ಮಗನು ಆಗಲೇ ಗುಂಡಿಯ ದಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ತೋಳು ಮಡಿಸಿ, ತಳವನ್ನು ಮುಟ್ಟಿ ನೋಡುತ್ತಿದ್ದನು.

“ನೀರು?” ಎಂದರು ಮೇಷ್ಟ್ರು.

“ಇಲ್ಲ ಅಪ್ಪ, ಇಂಗಿಹೋಗಿದೆ.”