ಕವಚ

ಮೊದಲ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಕೊಂಡ ದಿನದಿಂದ ನನ್ನ ಚಿಂತೆಯೆಲ್ಲ ಅದರ ಕವಚದ್ದೇ. ಮಸೂರಕ್ಕೆ ಗೀರು ಬೀಳದಿರಲೆಂದು ಯುವಿ ಫಿಲ್ಟರು, ಧೂಳು ಊದಲು ರಬ್ಬರಿನ ಬುರುಡೆ, ತೇವ ಹೀರಲು ಸಿಲಿಕಾ ಜೆಲ್ಲಿನ ಪೊಟ್ಟಣ, ಎಲ್ಲಕ್ಕೂ ಮೇಲೆ ಮೆತ್ತೆಯ ಚೀಲ.

ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು. ಜಮಖಂಡಿಯಿಂದ ಅಲ್ಲಿಗೆ ಹೋದಾಗ ಕಾಕಾ, "ನನ್ನ ಮಗ್ಗದ್ದೊಂದು ಫೋಟೋ ತಗೀ ತಮ್ಮಾ" ಎಂದರು. ಗಾಳಿಯಲ್ಲಿ ಹತ್ತಿಯ ಎಳೆ ತೇಲುತ್ತಿತ್ತು. ಮಸೂರ ಕಳಚಿದಾಗ ಒಳಗಿನ ಸೆನ್ಸರಿನ ಮೇಲೆ ಧೂಳು ಕೂತರೆ ಚಿತ್ರಗಳಲ್ಲೆಲ್ಲ ಕಪ್ಪು ಚುಕ್ಕೆ ಮೂಡುತ್ತದೆಂದು ಓದಿದ್ದೆ. ಕಳಚದೆಯೇ ತೆಗೆಯಬಹುದಿತ್ತಲ್ಲ ಎಂಬುದು ಹೊಳೆಯಲಿಲ್ಲ. "ಮುಂದಿನ ಸಲ, ಕಾಕಾ" ಎಂದು ಚೀಲದ ಬಾಯಿ ಬಿಗಿದೆ.

ಮುಂದಿನ ಸಲ ಮಗ್ಗ ಇರಲಿಲ್ಲ. ಮಾರಿಬಿಟ್ಟಿದ್ದರು. ಕಾಲಿಡುತ್ತಿದ್ದ ಕುಣಿಯನ್ನು ಮುಚ್ಚಿ ಮೇಲೆ ಸಗಣಿ ಸಾರಿಸಿತ್ತು. ಕಾಕಾ ನನ್ನ ಚೀಲವನ್ನೊಮ್ಮೆ ಸವರಿ, "ಮಷೀನ ಛಂದ ಇಟ್ಟೀ ನೋಡಪಾ" ಎಂದರು. ಅಣಕಿಸಲಿಲ್ಲ, ಮೆಚ್ಚಿಯೇ ಅಂದರು. ಅದೇ ನನಗೆ ಚುಚ್ಚಿತು.

ಕ್ಯಾಮೆರಾದಲ್ಲಿ ಇಂದಿಗೂ ಒಂದು ಕಣ ಧೂಳಿಲ್ಲ. ಏನೇನು ಕೊಳ್ಳಬೇಕೆಂದು ಹೊಸಬರು ಕೇಳಿದರೆ ಎಲ್ಲವನ್ನೂ ಹೇಳುತ್ತೇನೆ. ಆದರೆ ಕರ್ಣನ ಕವಚದಂತೆ ಜೊತೆಗೇ ಬರುವ ಕೊರಳಪಟ್ಟಿಯನ್ನು ಮೊದಲು ಕಟ್ಟಿಕೊಳ್ಳಿ ಎನ್ನುತ್ತೇನೆ. ಅದಕ್ಕೆ ಕಾಸು ಕೊಡಬೇಕಿಲ್ಲ.