ಎಳ್ಳಮಾಸಿಯಿಂದ ಬನದ ಹುಣ್ಣಿಮೆತನಕ

ನಮ್ಮ ಕಡೆಗೆ ಕ್ಯಾಮೆರಾ ಬಂದು ಬಹಳ ಕಾಲವಾಯಿತು. ಮುಂಬಯಿ ಸರ್ಕಾರ ನೇಮಿಸಿದ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ 1855ರಲ್ಲೇ ವಿಜಯಪುರ, ಬಾದಾಮಿ, ಐಹೊಳೆಗಳ ಗುಡಿ ಗುಮ್ಮಟಗಳ ಚಿತ್ರ ತೆಗೆದಿದ್ದ. ಅಂದು ಆ ಕಡೆ ತಿರುಗಿದ ಕ್ಯಾಮೆರಾದ ಮುಖ ಇಂದಿಗೂ ಅತ್ತಲೇ ಇದೆ. ಬಾಗಲಕೋಟೆ ಜಿಲ್ಲೆಗೆ ಚಿತ್ರ ತೆಗೆಯಲೆಂದು ಬರುವವರು ಮಲಪ್ರಭೆಯ ದಂಡೆಯ ಕೆಂಪು ಕಲ್ಲು ನೋಡಿ ತಿರುಗಿ ಹೋಗುತ್ತಾರೆ. ಕೃಷ್ಣೆ, ಘಟಪ್ರಭೆಗಳ ಸೀಮೆಗೆ, ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೆ, ಬರುವವರು ಕಡಿಮೆ. ಹೊಲದ ಬದುವಿನ ಮೇಲೆ ಟ್ರೈಪಾಡ್ ಊರಿದರೆ ಸಾಕು, ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ: “ಇಲ್ಲೇನೈತ್ರಿ ಫೋಟೊ ತಗ್ಯಾಕ? ಬಾದಾಮಿಗಿ ಹೋಗ್ರಲಾ.”

ಇಲ್ಲಿ ಏನಿದೆ ಎಂಬುದಕ್ಕೆ ಉತ್ತರ ಕೊಡುವಂಥ ಒಂದು ತಿರುಗಾಟವನ್ನು ಈ ಚಳಿಗಾಲಕ್ಕೆ ಹೊಂದಿಸುತ್ತಿದ್ದೇನೆ. ಊರಿಂದೂರಿಗೆ ದೂರವೇನಿಲ್ಲ. ಓಡುವ ಕಾರಿಗೆ ನಾಲ್ಕೂ ತಾಲ್ಲೂಕು ಸುತ್ತಲು ಒಂದು ಹಗಲು ಹೆಚ್ಚು. ಆದರೆ ಈ ನೆಲದಲ್ಲಿ ಕಣ್ಣಿಗೆ ರಾಚುವ ಜಲಪಾತವಿಲ್ಲ, ಮುಗಿಲು ಮುಟ್ಟುವ ಬೆಟ್ಟವಿಲ್ಲ. ಇಲ್ಲಿರುವುದು ಹೊಲ, ಹೊಳೆ, ಅವೆರಡನ್ನೂ ಹಗಲಿರುಳು ಬದಲಿಸುತ್ತಿರುವ ದುಡಿಮೆ. ಅದು ಕಾಣಬೇಕಾದರೆ ಸರಿಯಾದ ತಿಂಗಳು, ಸರಿಯಾದ ಹೊತ್ತು ಸಿಗಬೇಕು. ಹಾಗಾಗಿ ಯೋಜನೆ ಶುರುವಾದದ್ದು ಗೋಡೆಯ ಮೇಲಿನ ಪಂಚಾಂಗದಿಂದ. ನಕಾಶೆಯನ್ನು ಬಿಡಿಸಿದ್ದು ಆಮೇಲೆ.

ಹೊರಡುವ ದಿನವನ್ನು ಗೊತ್ತು ಮಾಡಿದವಳು ಬನಹಟ್ಟಿಯ ಅಕ್ಕ. ಫೋನಿನಲ್ಲಿ ವಿಷಯ ಹೇಳುತ್ತಿದ್ದಂತೆ, “ಎಳ್ಳಮಾಸಿ ಮುಂದಿಟ್ಕೊಂಡು ಬ್ಯಾರೆ ಕಡೆ ಎಲ್ಲಿ ಹೊಕ್ಕೀಪಾ? ಮೊದಲ ಹೊಲಕ್ಕ ಬಾ. ಚರಗಾ ಚೆಲ್ಲಿ, ಉಂಡು, ಆಮ್ಯಾಲ ಎಲ್ಲಿಗರೆ ಹೋಗು” ಅಂದಳು. ಅವಳ ಮಾತಿನಲ್ಲಿ ನನಗೆ ಬೇಕಾದ ಲೆಕ್ಕವೆಲ್ಲ ಇತ್ತು. ಮಾರ್ಗಶಿರದ ಅಮಾವಾಸ್ಯೆಯ ಹೊತ್ತಿಗೆ ಬಿಳಿಜೋಳ ಎದೆಯುದ್ದ ಬೆಳೆದು ತೆನೆ ಹಿರಿಯುತ್ತಿರುತ್ತದೆ, ಕಡಲೆ ಹಸಿರಾಗಿರುತ್ತದೆ, ಕಬ್ಬಿಗೆ ಸೂಲಂಗಿ ಬಂದಿರುತ್ತದೆ. ಆ ದಿನ ಊರಿಗೆ ಊರೇ ಬಂಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಕಡುಬು, ಭಜ್ಜಿ, ಸಜ್ಜಿರೊಟ್ಟಿಯ ಚರಗವನ್ನು ಬೆಳೆಯ ಮೇಲೆ ಚೆಲ್ಲುತ್ತಾರೆ. ಜನರಿಲ್ಲದ ನೆಲವನ್ನೇ ನಿಸರ್ಗಚಿತ್ರ ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಈ ಸೀಮೆಯಲ್ಲಿ ಮನುಷ್ಯನ ಕೈ ಸೋಕದ ಒಂದು ಎಕರೆಯ ಚಿತ್ರವೂ ಸಿಗಲಾರದು. ಕೈಯನ್ನು ಮರೆಮಾಡಿ ತೆಗೆದರೆ ಅದು ಅರ್ಧ ಸತ್ಯವಾಗುತ್ತದೆ.

ಮುಗಿಯುವ ದಿನವನ್ನೂ ಅವಳೇ ಹೇಳಿದಳು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಬನಶಂಕರಿ ದೇವಾಂಗ ನೇಕಾರರ ಕುಲದೇವತೆ. ಆ ಹೊತ್ತಿಗೆ ಮಗ್ಗದ ಓಣಿಗಳ ಮನಸ್ಸೆಲ್ಲ ಅತ್ತ ಇರುತ್ತದೆ. ಹೀಗೆ ಅಮಾವಾಸ್ಯೆಯಿಂದ ಹುಣ್ಣಿಮೆತನಕ ಒಂದು ಪಕ್ಷ. ನಡುವೆ ಸಂಕ್ರಾಂತಿ ಬಂದರೆ ಬರಲಿ.

ಬೆಳಕಿನ ಲೆಕ್ಕವೂ ಈ ದಿನಗಳಿಗೇ ಕೂಡಿಬರುತ್ತದೆ. ನಮ್ಮ ಸೀಮೆ ಇರುವುದು ಸುಮಾರು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮತ್ತು ಆಗಸ್ಟ್ ತಿಂಗಳ ಮೊದಲ ವಾರದ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ನೆರಳಿಲ್ಲದ ಬಯಲು ಚಿತ್ರದಲ್ಲಿ ಬರೀ ಚಪ್ಪಟೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮಧ್ಯಾಹ್ನಕ್ಕೂ ಐವತ್ತು ಡಿಗ್ರಿಗಿಂತ ಮೇಲೇರುವುದಿಲ್ಲ; ನಡುಹಗಲಲ್ಲೇ ಕೋಲಿನ ನೆರಳು ಕೋಲಿನ ಮುಕ್ಕಾಲನ್ನು ಮೀರಿರುತ್ತದೆ. ಉತ್ತಿ ಬಿಟ್ಟ ಹೊಲದ ಒಂದೊಂದು ಹೆಂಟೆಯೂ ತನ್ನ ನೆರಳು ಹೊತ್ತು ನಿಲ್ಲುತ್ತದೆ. ಸೂರ್ಯ ಹುಟ್ಟುವುದು ಆಗ್ನೇಯಕ್ಕೆ, ಮುಳುಗುವುದು ನೈಋತ್ಯಕ್ಕೆ ಎಂಬುದನ್ನು ನೆನಪಿಟ್ಟು ನಿಲ್ಲುವ ಜಾಗ ಹುಡುಕಬೇಕು.

ಎರಿಭೂಮಿಯ ಚಿತ್ರ ತೆಗೆಯುವವರು ತಿಳಿದಿರಬೇಕಾದ ಇನ್ನೊಂದು ಮಾತಿದೆ. ಕ್ಯಾಮೆರಾದ ಮೀಟರ್ ತನ್ನೆದುರಿನ ಎಲ್ಲವನ್ನೂ ನಡುಬೂದಿ ಬಣ್ಣವೆಂದೇ ಎಣಿಸುತ್ತದೆ. ಕರಿನೆಲವೇ ಚೌಕಟ್ಟು ತುಂಬಿದಾಗ ಅದು ಬೆಳಕು ಸಾಲದೆಂದು ಹೆಚ್ಚು ಬೆಳಕು ಬಿಡುತ್ತದೆ. ಮಳೆ ಹೀರಿದ ಕರಿ ಬಣ್ಣ ಚಿತ್ರದಲ್ಲಿ ಸಿಮೆಂಟಿನ ಬಣ್ಣವಾಗುತ್ತದೆ. ಎಕ್ಸ್‌ಪೋಶರನ್ನು ಒಂದು ಸ್ಟಾಪ್‌ನಷ್ಟು ಇಳಿಸಿದರೆ ನೆಲ ತನ್ನ ಬಣ್ಣಕ್ಕೆ ಬರುತ್ತದೆ. ಹೊಳೆಯ ಮೇಲಿನ ಬಿಳಿ ಮಂಜಿಗೆ ಇದರ ತಿರುವುಮುರುವು, ಏರಿಸಬೇಕು. ಸಾಮಾನಿನ ಬಗ್ಗೆ ಇಷ್ಟೇ ಹೇಳುತ್ತೇನೆ: ಗಟ್ಟಿ ಟ್ರೈಪಾಡ್, ಅಗಲ ನೋಟದ ಒಂದು ಲೆನ್ಸ್, ದೂರದ ಸಾಲುಗಳನ್ನು ಹತ್ತಿರಕ್ಕೆಳೆದು ಒತ್ತೊತ್ತಾಗಿ ಕೂಡಿಸುವ 70-200ರ ಒಂದು ಲೆನ್ಸ್. ಬಯಲುಸೀಮೆಯಲ್ಲಿ ಎರಡನೆಯದಕ್ಕೇ ಹೆಚ್ಚು ಕೆಲಸ.

ಅಕ್ಕನ ಹೊಲದಲ್ಲಿ ಚರಗ ಮುಗಿದ ಮೇಲೆ ಮೊದಲ ಬಿಡಾರ ಜಮಖಂಡಿ. ಪಟವರ್ಧನ ಸಂಸ್ಥಾನಿಕರ ಊರು, ಗುರುದೇವ ರಾನಡೆಯವರು 1886ರಲ್ಲಿ ಹುಟ್ಟಿದ ಊರು. ರಾಮತೀರ್ಥದ ಗುಡ್ಡದ ಮೇಲೆ ಅರಮನೆ, ರಾಮೇಶ್ವರನ ಗುಡಿ. ಗುಡ್ಡ ಎತ್ತರದ್ದೇನಲ್ಲ, ಆದರೂ ಅಲ್ಲಿಂದ ಊರು, ಹೊಲ, ಕಬ್ಬಿನ ಪಡಗಳು ಒಂದರಾಚೆ ಒಂದು ಹಾಸಿಕೊಂಡು ಹೋಗುವುದು ಕಾಣುತ್ತದೆ. ಅಲ್ಲಿ ಸಂಜೆಗೆ ನಿಂತರೆ ಆಯಿತು.

ನಸುಕಿಗೆ ಮಾತ್ರ ಚಿಕ್ಕಪಡಸಲಗಿಗೆ ಹೋಗಬೇಕು. ಕೃಷ್ಣೆಗೆ ಅಡ್ಡಲಾಗಿ ಅಲ್ಲೊಂದು ಬ್ಯಾರೇಜು ಇದೆ. ಹೊಳೆ ಮಗ್ಗುಲಲ್ಲೇ ಹರಿದರೂ ಬೇಸಿಗೆಗೆ ನೀರಿಲ್ಲದೆ ಒಣಗುತ್ತಿದ್ದ ಹೊಲಗಳ ರೈತರು ಸರ್ಕಾರದ ದಾರಿ ಕಾಯದೆ, ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡು, ತಾವೇ ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ಮುಗಿಸಿದ ಕಟ್ಟಡ ಅದು. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರಿಟ್ಟರು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. 2018ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಈ ಸೀಮೆ ಮನೆಯವರನ್ನೇ ಕಳಕೊಂಡಂತೆ ಅತ್ತಿತು. ಚಳಿಗಾಲದ ನಸುಕಿನಲ್ಲಿ ನಿಂತ ನೀರಿನ ಮೇಲೆ ಮಂಜು ಎದ್ದಾಗ ಆ ಕಂಬಗಳ ಸಾಲು ಒಂದೊಂದಾಗಿ ತೆಳುವಾಗುತ್ತ ಆಚೆ ದಂಡೆ ಸೇರುತ್ತದೆ. ಕಟ್ಟಿದವರ ಕಥೆ ಗೊತ್ತಿಲ್ಲದವರಿಗೂ ಅದು ಒಳ್ಳೆಯ ಚಿತ್ರವೇ. ಗೊತ್ತಿದ್ದವರು ಅಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಾರೆ, ಬೆಳಕು ಬದಲಾಗುವುದನ್ನು ಪೂರಾ ನೋಡುತ್ತಾರೆ, ಅವರ ಚಿತ್ರದಲ್ಲಿ ಅದು ಕಾಣುತ್ತದೆ ಎಂದೇ ನನ್ನ ನಂಬಿಕೆ. ಒಂದೇ ನಸುಕಿಗೆ ಇದು ಮುಗಿಯುವುದಿಲ್ಲ. ಮಂಜು ಏಳದ ದಿನವೂ ಇರುತ್ತದೆ, ಮತ್ತೊಂದು ನಸುಕನ್ನು ಕೈಯಲ್ಲಿಟ್ಟುಕೊಂಡಿರಬೇಕು.

ಅಲ್ಲಿಂದ ಮರಳಿ ಅಕ್ಕನ ಮನೆ. ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು, ಓಣಿ ಹೊಕ್ಕರೆ ಮಗ್ಗದ ಸಪ್ಪಳ. ಹೊರಬಯಲಲ್ಲಿ ಬಣ್ಣ ಹಾಕಿದ ನೂಲನ್ನು ಗಳಕ್ಕೆ ಹಾಕಿ ಒಣಗಿಸುವಾಗ ಕೆಂಪು, ಹಸಿರು, ಅರಿಸಿನ ಬಣ್ಣಗಳ ಹಿಂದೆ ಬೂದು ಬಯಲು ಇರುತ್ತದೆ. ಒಂದು ಮಧ್ಯಾಹ್ನಕ್ಕೆ ಅಷ್ಟು ಸಾಕು. ಮನಸ್ಸು ಇರುವುದು ಮಹಾಲಿಂಗಪುರದ ಸುತ್ತಲಿನ ಗಾಣಗಳ ಮೇಲೆ. ಮಹಾಲಿಂಗಪುರ ಬೆಲ್ಲಕ್ಕೆ ಹೆಸರಾದ ಪೇಟೆ. ಗಾಣದ ಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿದ್ದರೆ ಉಗಿ ಚಪ್ಪರದ ಸಂದಿನಿಂದ ಹೊರಬರುತ್ತದೆ, ಹೊಗೆ ಕೊಳವೆಯಿಂದೇಳುತ್ತದೆ, ಇಳಿಬಿಸಿಲು ಎರಡರ ಹಿಂದಿನಿಂದ ಬಿದ್ದಾಗ ಇಡೀ ಹೊಲ ಬೆಳಗುತ್ತದೆ. ಸೂರ್ಯನಿಗೆ ಎದುರಾಗಿ ನಿಂತು ತೆಗೆಯುವ ಚಿತ್ರವಿದು. ಗಾಣದವರನ್ನು ಕೇಳಿ ಒಳಗೆ ಹೋಗಬೇಕು, ಕುದಿಯುವ ಕಬ್ಬಿನ ಹಾಲಿನ ಹತ್ತಿರ ಅವರ ಕೈಕಾಲಿಗೆ ಅಡ್ಡ ಬರಬಾರದು. ಕೇಳಿದವರಿಗೆ ಅವರು ಬಿಸಿ ಬೆಲ್ಲ ಕೊಡದೆ ಕಳಿಸುವುದಿಲ್ಲ.

ಈ ದಿನಗಳಲ್ಲಿ ರಸ್ತೆಯ ಮೇಲಿನ ಯಜಮಾನಿಕೆ ಕಬ್ಬಿನ ಟ್ರ್ಯಾಕ್ಟರಿನದು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ಸಮೀರವಾಡಿಯಂಥ ಕಾರ್ಖಾನೆಗಳ ಕಡೆಗೆ ಸಾಲಾಗಿ ಹೋಗುತ್ತವೆ. ಅವನ್ನು ಹಿಂದೆ ಹಾಕಲು ಅವಸರ ಮಾಡುವುದು ಅಪಾಯ, ಬೇಕಾಗಿಯೂ ಇಲ್ಲ. ಹಿಂದೆ ಹಿಂದೆ ಹೋಗುವಾಗಲೇ ಎಷ್ಟೋ ಜಾಗ ಕಣ್ಣಿಗೆ ಬೀಳುತ್ತವೆ. ಕತ್ತಲಾದ ಮೇಲೆ ಮಾತ್ರ ಗಾಡಿ ಹೊರಗೆ ತೆಗೆಯಬಾರದು. ಹಿಂದೆ ದೀಪವಿಲ್ಲದ ಟ್ರೇಲರುಗಳು ರಾತ್ರಿ ಕಾಣುವುದೇ ಇಲ್ಲ.

ಮುಧೋಳದ ಹೆಸರು ಹೇಳಿದರೆ ಹೊರಗಿನವರಿಗೆ ನಾಯಿ ನೆನಪಾಗುತ್ತದೆ. ಘೋರ್ಪಡೆ ಅರಸರು ಸಾಕಿ ಉಳಿಸಿದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ. ಇದೇ ಘೋರ್ಪಡೆ ಮನೆತನದ ಸಂಡೂರು ಶಾಖೆಯ ಎಂ.ವೈ. ಘೋರ್ಪಡೆಯವರು ಹಣಕಾಸು ಮಂತ್ರಿಯಾಗಿಯೂ ಕ್ಯಾಮೆರಾ ಬಿಡಲಿಲ್ಲ, ಕಪ್ಪು-ಬಿಳುಪಿನಲ್ಲಿ ಅವರು ತೆಗೆದ ಕಾಡಿನ ಚಿತ್ರಗಳು ಲೋಕದ ಮನ್ನಣೆ ಪಡೆದವು. ಬೆಳಕು ಸರಿಯಾಗುವ ತನಕ ಕಾಯುವುದನ್ನು ಅವರ ಚಿತ್ರಗಳಿಂದ ಕಲಿಯಬೇಕು. ನನಗೆ ಮುಧೋಳದಲ್ಲಿ ಬೇಕಾದದ್ದು ಘಟಪ್ರಭೆಯ ದಂಡೆ. ರನ್ನ ಹುಟ್ಟಿದ ಮುದುವೊಳಲು ಇದೇ. ಬಳೆಗಾರರ ಮನೆಯ ಹುಡುಗ ಬೆಳೆದ ಊರಿನ ಹೊಳೆಯನ್ನು ಸುಮ್ಮನೆ ದಾಟಿ ಹೋಗುವುದು ನನ್ನಿಂದಾಗದು. ಆಮೇಲೆ ಹಲಗಲಿ. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆಯ ವಿರುದ್ಧ ಬೇಡರು ನಿಂತ ಊರು. ಕುಂಪಣಿಯ ದಂಡು ಊರನ್ನೇ ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಲಾವಣಿಯಲ್ಲಿ ಅದನ್ನು ಕೇಳಿ ಬೆಳೆದವರು ನಾವು. ಆ ಊರಿನ ಚಿತ್ರ ತೆಗೆಯುವಾಗ ಮುಗಿಲಿಗೆ ಜಾಗ ಕಡಿಮೆ ಕೊಟ್ಟು ನೆಲಕ್ಕೆ ಹೆಚ್ಚು ಕೊಡಬೇಕೆಂದು ಈಗಲೇ ನಿಶ್ಚಯಿಸಿದ್ದೇನೆ.

ಮುಧೋಳ, ಬೀಳಗಿ ತಾಲ್ಲೂಕುಗಳ ನಡುವೆ ಕುರುಚಲು ಗುಡ್ಡಗಳ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ, 96 ಚದರ ಕಿಲೋಮೀಟರಿನಷ್ಟು. ಹಳದಿ ಹುಲ್ಲು, ಜಾಲಿ, ಕಲ್ಲು. ಚಿಂಕಾರ ಕಂಡರೆ ನಮ್ಮ ಪುಣ್ಯ. ಕಾಣದಿದ್ದರೂ ಆ ಹುಲ್ಲಿನ ಮೇಲಿನ ಬೆಳಗಿನ ಬಿಸಿಲು ಸಿಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೇಳಿಕೊಳ್ಳಬೇಕು.

ಪಕ್ಷದ ಕೊನೆಯ ದಿನಗಳನ್ನೆಲ್ಲ ಬೀಳಗಿಗೆ ಇಟ್ಟಿದ್ದೇನೆ. ಇಲ್ಲಿಯ ನೋಟ ನಮ್ಮ ಕಣ್ಣೆದುರೇ ಹುಟ್ಟಿದ್ದು. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.6 ಮೀಟರಿಗೆ ನಿಂತಾಗ ಹಿನ್ನೀರು ಕೃಷ್ಣೆಯಲ್ಲೂ ಘಟಪ್ರಭೆಯಲ್ಲೂ ಹಿಂದಕ್ಕೆ ಸರಿದು ಬೀಳಗಿಯ ಹೊಲಗಳ ಮೇಲೆ ಹರಡುತ್ತದೆ. ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡುವುದು ಈಗ ಹರಿವಾಗಿ ಕಾಣುವುದಿಲ್ಲ, ಎತ್ತ ನೋಡಿದರೂ ನೀರು. ಅನಗವಾಡಿಯ ಸೇತುವೆಯಿಂದ, ಕೊರ್ತಿ-ಕೊಲ್ಹಾರದ ಉದ್ದನೆಯ ಸೇತುವೆಯಿಂದ ನೋಡಿದವರು ಸಮುದ್ರವೆನ್ನುತ್ತಾರೆ. ಇಲ್ಲಿಯ ಜನ ಮುಳುಗಡೆ ಎನ್ನುತ್ತಾರೆ. ಗುಡಿ, ಬಾವಿ, ತೋಟ, ಹಿರಿಯರ ಗೋರಿ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರು ಅವರು. ಬೇಸಿಗೆ ಹತ್ತಿರವಾದಂತೆ ನೀರು ಇಳಿದು ಹಳೆಯ ನೆಲ ಮೇಲೆ ಬರುತ್ತದೆ. ತೆಳುನೀರಿಗೆ ರಾಜಹಂಸಗಳು ಇಳಿಯುತ್ತವೆ. ಅವುಗಳ ಚಿತ್ರ ಬೇಕಾದವರು ಇನ್ನೂ ತಡವಾಗಿ ಬರಬೇಕು.

ನನಗೆ ಬೇಕಾದದ್ದು ಹುಣ್ಣಿಮೆಯ ಹಿಂದಿನ ಸಂಜೆ. ಅಂದು ಸೂರ್ಯ ಮುಳುಗುವ ಮೊದಲೇ ಚಂದ್ರ ಮೂಡಿರುತ್ತಾನೆ, ನೆಲದ ಮೇಲೆ ಇನ್ನೂ ಬೆಳಕಿರುತ್ತದೆ, ಎರಡೂ ಒಂದೇ ಚಿತ್ರದಲ್ಲಿ ಹಿಡಿಸುತ್ತವೆ. ಹುಣ್ಣಿಮೆಯ ದಿನವೇ ನಿಂತರೆ ಚಂದ್ರ ಏರುವಷ್ಟರಲ್ಲಿ ದಂಡೆ ಕತ್ತಲಾಗಿಬಿಡುತ್ತದೆ. ಚಳಿಗಾಲದ ಹುಣ್ಣಿಮೆಯ ಚಂದ್ರ ಈಶಾನ್ಯದ ಕಡೆ ಹುಟ್ಟುತ್ತಾನೆ. ಈಶಾನ್ಯಕ್ಕೆ ಬಯಲುನೀರು ಇರುವ ದಂಡೆಯನ್ನು ಹಗಲಲ್ಲೇ ನೋಡಿಟ್ಟುಕೊಳ್ಳಬೇಕು. ಬುತ್ತಿಯಲ್ಲಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಎಣ್ಣಗಾಯಿ ಇರುತ್ತದೆ. ಸೇತುವೆ ದಾಟಿ ಕೊಲ್ಹಾರದ ಗಡಿಗೆ ಮೊಸರು ತಂದುಕೊಂಡರೆ ದಂಡೆಯ ಮೇಲೆಯೇ ಊಟ.

ಇಷ್ಟು ಸಾವಕಾಶವಾಗಿ ಇಲ್ಲಿ ನಿಲ್ಲಬೇಕೆನ್ನುವುದಕ್ಕೆ ಕಾರಣವಿದೆ. ಕೃಷ್ಣಾ ನ್ಯಾಯಾಧಿಕರಣ 2010ರ ತನ್ನ ತೀರ್ಪಿನಲ್ಲಿ ಆಲಮಟ್ಟಿಯ ನೀರನ್ನು 524.256 ಮೀಟರಿನವರೆಗೆ ನಿಲ್ಲಿಸಲು ಒಪ್ಪಿದೆ. ಅಂದರೆ ಇನ್ನೂ ನಾಲ್ಕೂವರೆ ಮೀಟರು ಮೇಲೆ. ಆ ನೀರು ಬಂದ ದಿನ ನಾನು ಟ್ರೈಪಾಡ್ ಊರುವ ಬದು, ಅದರ ಹಿಂದಿನ ಜೋಳ, ಆಚೆಯ ಹಳ್ಳಿ ಚಿತ್ರದಲ್ಲಷ್ಟೇ ಉಳಿದಾವು. ಅದಕ್ಕೇ ಈ ಸಲ ಪ್ರತಿ ಚಿತ್ರವನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂದೆ ಊರಿನ ಹೆಸರು, ಹೊಲದವರ ಹೆಸರು, ತಾರೀಖು, ಅಂದಿನ ಆಲಮಟ್ಟಿಯ ನೀರಿನ ಮಟ್ಟ ಬರೆಯಬೇಕೆಂದಿದ್ದೇನೆ. ಒಂದು ಪ್ರತಿ ನನಗೆ, ಒಂದು ಆ ಹೊಲದ ಮನೆಗೆ. ಅಚ್ಚು ಹಾಕಿಸುವ ಖರ್ಚನ್ನು ಡೀಸೆಲ್ಲಿನ ಖರ್ಚಿಗಿಂತ ಮೊದಲೇ ತೆಗೆದಿಟ್ಟಾಗಿದೆ.